ಪೊಮೆರೇನಿಯನ್ನಿಗೆ ಕ್ಷೌರ ಬೇಡ ಮಾರಾಯ್ರೆ!

ಮನೇಲಿ ಪೊಮೆರೇನಿಯನ್ ಇದ್ದರೆ ಕಪ್ಪು ಪ್ಯಾಂಟಿನ ಆಸೆ ಬಿಟ್ಟುಬಿಡಬೇಕು. ಆಫೀಸಿಗೆ ಹೊರಟರೆ ಅರ್ಧ ನಾಯಿನೂ ಜೊತೆಗೇ ಬಂದಿರುತ್ತೆ :) ಅದಕ್ಕೇ ಬೇಸಿಗೆ ಬಂತು ಅಂದ್ರೆ ಬೆಂಗಳೂರಲ್ಲಿ ಕೆಲವರು ಅದನ್ನ ನುಣ್ಣಗೆ ಬೋಳಿಸಿಬಿಡ್ತಾರೆ. ನನಗಂತೂ ಇದು ಸುತರಾಂ ಒಪ್ಪಿಗೆಯಿಲ್ಲ.

ಈ ಜಾತಿಗೆ ಎರಡು ಪದರ ಕೂದಲು. ಒಳಗೆ ಹತ್ತಿಯಂಥ ತುಪ್ಪಳ, ಮೇಲೆ ಉದ್ದನೆಯ ಒರಟು ಕೂದಲು. ಬೋಳಿಸಿದರೆ ಉದುರೋದು ನಿಲ್ಲಲ್ಲ, ತುಂಡು ಕೂದಲು ಉದುರುತ್ತೆ ಅಷ್ಟೆ. ಚರ್ಮಕ್ಕೆ ನೇರ ಬಿಸಿಲು ಬೇರೆ. ಕೆಲವಕ್ಕೆ ಕೂದಲು ಮತ್ತೆ ಮೊದಲಿನ ಹಾಗೆ ಬೆಳೆಯೋದೇ ಇಲ್ಲ, ಪಾಪ.

ದಿನಾ ಹತ್ತು ನಿಮಿಷ ಬುಡದವರೆಗೂ ಬಾಚಿ ನೋಡಿ. ನಾನು ಮನೆಯಿಂದ ಕೆಲಸ ಮಾಡೋ ದಿನ, ಕೋಡ್ ಬಿಲ್ಡ್ ಆಗೋ ಹೊತ್ತಿಗೆ ಬಾಚಿ ಮುಗಿಸ್ತೀನಿ. ಅಲ್ಲಲ್ಲಿ ಬೋಳಾಗಿ ಚರ್ಮ ಕಂಡರೆ, ವಿಪರೀತ ಕೆರೆದುಕೊಳ್ತಿದ್ದರೆ ಮಾತ್ರ ಪಶುವೈದ್ಯರಿಗೇ ತೋರಿಸಿ, ಕತ್ತರಿಯವನಿಗಲ್ಲ.