ವೃದ್ಧರ ಮನದ ಹಳೆಯ ಗಾಯ

ಪ್ರತಿವರ್ಷ ಸೆಪ್ಟೆಂಬರ್ 17ರಂದು ಕಲಬುರಗಿ ಸೀಮೆಯು ನಿಜಾಮಶಾಹಿಯಿಂದ ತನಗಾದ ವಿಮೋಚನೆಯನ್ನು ಸ್ಮರಿಸಿ ಧ್ವಜವಂದನೆ ಸಲ್ಲಿಸುತ್ತದೆ. ಆದರೆ 1948ರಲ್ಲಿ ಹತ್ತು ವರ್ಷದ ಮಕ್ಕಳಾಗಿ ಆ ದಿನಗಳನ್ನು ಕಣ್ಣಾರೆ ಕಂಡವರು ಈಗ ತೊಂಬತ್ತರ ಅಂಚಿನಲ್ಲಿರುವರೆಂಬುದನ್ನೂ, ಅವರಲ್ಲಿ ಕೆಲವರಿಗೆ ವೃದ್ಧಾಶ್ರಮವೇ ಮನೆಯಾಗಿರಬಹುದೆಂಬುದನ್ನೂ ನಾವು ಮರೆತಿದ್ದೇವೆ.

ಆ ಸಂಕಟವು ಒಂದೇ ಪಂಗಡದ್ದಾಗಿರಲಿಲ್ಲ. ರಜಾಕಾರರ ಹಾವಳಿಗೆ ಬೆದರಿ ಅನೇಕ ಕುಟುಂಬಗಳು ಮನೆಮಾರು ತೊರೆದು ಸೊಲ್ಲಾಪುರ, ವಿಜಾಪುರಗಳ ಕಡೆಗೆ ಓಡಿದವು. ಪೊಲೀಸ್ ಕಾರ್ಯಾಚರಣೆಯ ತರುವಾಯ ನಿರಪರಾಧಿಗಳಾದ ಮುಸಲ್ಮಾನರು ಸೇಡಿಗೆ ಬಲಿಯಾದರು. ಪಂಡಿತ ಸುಂದರಲಾಲರ ನಿಯೋಗವು ಅತಿಯಾಗಿ ನೊಂದವೆಂದು ಹೆಸರಿಸಿದ ನಾಲ್ಕು ಜಿಲ್ಲೆಗಳಲ್ಲಿ ಬೀದರ, ಕಲಬುರಗಿಗಳೆರಡೂ ಸೇರಿದ್ದವು.

ಬಾಲ್ಯದಲ್ಲಿ ಹೊಕ್ಕ ಭಯವು ದುಡಿಮೆಯ ವರ್ಷಗಳಲ್ಲಿ ಅಡಗಿದ್ದು ಮುಪ್ಪಿನಲ್ಲಿ ಮರಳಿ ತಲೆಯೆತ್ತುವುದುಂಟು. ಮರೆವಿನ ರೋಗದಲ್ಲಿ ಹೊಸ ನೆನಪು ಮೊದಲು ಅಳಿದು ಹಳೆಯದು ಬಹುಕಾಲ ಉಳಿಯುತ್ತದೆ. ಅಂಥವರ ಕೋಣೆಯ ಬಾಗಿಲನ್ನು ಇರುಳಿನಲ್ಲಿ ದಡದಡನೆ ಬಡಿದರೆ, ಸಮವಸ್ತ್ರದವನೊಬ್ಬನು ಮಾತಿಲ್ಲದೆ ತೋಳು ಹಿಡಿದೆಳೆದರೆ, ಅವರು ಚೀರುವುದು ಸಹಜ. ಅದನ್ನು ಹಟವೆಂದು ಗದರಿಸುವುದೂ, ನಿದ್ರೆಯ ಔಷಧದಿಂದ ಬಾಯಿ ಮುಚ್ಚಿಸುವುದೂ ಶುಶ್ರೂಷೆಯೆನಿಸದು.

ಅಮೇರಿಕದ ಕೇಂದ್ರಸರಕಾರವು ತನ್ನ ಧನಸಹಾಯ ಪಡೆಯುವ ಶುಶ್ರೂಷಾಲಯಗಳು ನಿವಾಸಿಗಳ ಪೂರ್ವದ ಆಘಾತಗಳನ್ನರಿತು ಆರೈಕೆ ಮಾಡತಕ್ಕದ್ದೆಂಬ ನಿಯಮವನ್ನು 2019ರ ನವೆಂಬರಿನಿಂದ ಜಾರಿಗೊಳಿಸಿತು. ನಮ್ಮ ದೇಶದ 2007ರ ಹಿರಿಯ ನಾಗರಿಕರ ಕಾಯಿದೆಯು ಜಿಲ್ಲೆಗೊಂದರಂತೆ, ಕನಿಷ್ಠ 150 ನಿರ್ಗತಿಕ ವೃದ್ಧರಿಗೆ ಎಡೆಯಿರುವ ಆಶ್ರಮಗಳನ್ನು ಕಲ್ಪಿಸಿದೆ. ಅವುಗಳ ನಿರ್ವಹಣೆಯ ವಿಷಯದಲ್ಲಿ ವೈದ್ಯಕೀಯ ಶುಶ್ರೂಷೆಯನ್ನೂ ಮನರಂಜನೆಯನ್ನೂ ಹೆಸರಿಸಿದೆ. ಮನದ ಗಾಯದ ಮಾತನ್ನು ಆಡಿಲ್ಲ.

ಹಾಸಿಗೆ, ಅನ್ನಗಳಿಗೇ ತತ್ವಾರವಿರುವಲ್ಲಿ ಈ ಸೂಕ್ಷ್ಮಗಳೆಲ್ಲಿಂದ ಬರಬೇಕೆಂದು ಕೆಲವರು ಆಕ್ಷೇಪಿಸಬಹುದು. ಇವುಗಳಿಗೆ ಹಣಕ್ಕಿಂತ ವ್ಯವಧಾನವೇ ಹೆಚ್ಚು ಬೇಕೆಂದು ನಮ್ಮ ಉತ್ತರ. ಒಳಬರುವ ಮುನ್ನ ಹೆಸರು ಹೇಳುವುದು, ಮೈಮುಟ್ಟುವ ಮುನ್ನ ಕೇಳುವುದು, ಕನ್ನಡದವರೊಡನೆ ಕನ್ನಡದಲ್ಲಿಯೂ ಉರ್ದುವಿನವರೊಡನೆ ಉರ್ದುವಿನಲ್ಲಿಯೂ ಮಾತಾಡುವುದು, ಯಾವ ಸದ್ದಿಗೆ ಯಾರು ಬೆದರುವರೆಂದು ಬರೆದಿಟ್ಟು ಇರುಳಿನ ಪರಿಚಾರಕರಿಗೂ ತಿಳಿಸುವುದು, ಇವೇ ಮೊದಲ ಹೆಜ್ಜೆಗಳು. ಕಥೆ ಹೇಳಲೊಲ್ಲದವರನ್ನು ಕೆದಕಲೂಬಾರದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರಿಂದ ಪರಿಚಾರಕರಿಗೆ ಶಿಕ್ಷಣ ಕೊಡಿಸಿ, ಆಶ್ರಮಗಳ ತಪಾಸಣೆಯಲ್ಲಿ ಇದನ್ನೂ ವಿಚಾರಿಸಬೇಕೆಂದು ನಾವು ಜಿಲ್ಲಾಧಿಕಾರಿಗಳನ್ನು ಆಗ್ರಹಪಡಿಸುತ್ತೇವೆ.

ಅಧಿಕಾರಿವರ್ಗಕ್ಕೆ ಈ ಉಪದೇಶವು ಹೊಸದಲ್ಲ. ಇದೇ ಜಿಲ್ಲೆಯ ಸನ್ನತಿಯಲ್ಲಿ, ಭೀಮೆಯ ದಡದಲ್ಲಿ, 1986ರಲ್ಲಿ ಕಾಳಿಯ ಗುಡಿಯ ಛಾವಣಿ ಕುಸಿದಾಗ ವಿಗ್ರಹದ ಪೀಠಶಿಲೆಯ ಮೇಲೆ ಅಶೋಕನ ಶಾಸನಗಳು ಕಾಣಿಸಿಕೊಂಡವು. ಅವುಗಳಲ್ಲಿ ಎರಡು ಅಧಿಕಾರಿಗಳನ್ನೇ ಉದ್ದೇಶಿಸಿದವು. ಜನರೆಲ್ಲರೂ ಮಕ್ಕಳಿಗೆ ಸಮಾನರು, ಕೋಪ, ನಿಷ್ಠುರತೆ, ಆತುರ, ಆಲಸ್ಯಗಳು ಆಳುವವರಿಗೆ ಸಲ್ಲವು ಎಂಬುದು ಅವುಗಳ ಆಶಯ. ಆ ಕಲ್ಲು ನಮಗೆ ಕಾಣದೆ ಶತಮಾನಗಳೇ ಕಳೆದವು. 1948ನ್ನು ಕಂಡ ವೃದ್ಧರಿಗೆ ಅಷ್ಟು ಕಾಲಾವಕಾಶವಿಲ್ಲ. ಮುಂದಿನ ಸೆಪ್ಟೆಂಬರಿನ ಧ್ವಜವಂದನೆಗೆ ಮುನ್ನವೇ ಈ ಕೆಲಸವು ಆರಂಭವಾಗಲಿ.