ತಕ್ಕಡಿಗೆ ಮುದ್ರೆ ಉಂಟು, ಮೊಬೈಲ್ ಲೆಕ್ಕಕ್ಕೆ?

ರಾಮಕೃಷ್ಣನಗರದ ಆಂದೋಲನ ವೃತ್ತದ ಆಸುಪಾಸು ಅಂಗಡಿ ಇಟ್ಟವರಿಗೆಲ್ಲ ಗೊತ್ತಿರುವ ಮಾತು: ತಕ್ಕಡಿಗೆ ಸರ್ಕಾರದ ಮುದ್ರೆ ಇಲ್ಲದಿದ್ದರೆ ದಂಡ ತಪ್ಪಿದ್ದಲ್ಲ. ಕಾಲು ಕಿಲೋ ಬೆಲ್ಲ ತೂಗುವುದಕ್ಕೇ ಇಷ್ಟು ಕಟ್ಟುನಿಟ್ಟು. ಹಾಗಾದರೆ ಸಕ್ಕರೆ ಕಾಯಿಲೆಯವರು ಎಷ್ಟು ಯೂನಿಟ್ ಇನ್ಸುಲಿನ್ ಚುಚ್ಚಿಕೊಳ್ಳಬೇಕೆಂದು ಹೇಳುವ ಮೊಬೈಲ್ ಆಪ್‌ಗಳಿಗೆ ಮುದ್ರೆ ಒತ್ತಿದವರು ಯಾರು ಸ್ವಾಮಿ?

ಇದು ಸುಮ್ಮನೆ ಎತ್ತಿದ ತಕರಾರಲ್ಲ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು ಇಂಥ 46 ಆಪ್‌ಗಳನ್ನು ಪರೀಕ್ಷಿಸಿ 2015ರಲ್ಲಿ ವರದಿ ಕೊಟ್ಟರು. ನೂರಕ್ಕೆ 67ರಷ್ಟು ಆಪ್‌ಗಳಲ್ಲಿ ತಪ್ಪು ಪ್ರಮಾಣ ಸೂಚಿಸುವ ಅಪಾಯವಿತ್ತು. 42 ಆಪ್‌ಗಳು ನಾವು ಒತ್ತಿದ ಅಂಕಿ ಸರಿಯೋ ತಪ್ಪೋ ಎಂದು ನೋಡುತ್ತಲೇ ಇರಲಿಲ್ಲ. ಕುಂದಿಲ್ಲದ್ದು ಸಿಕ್ಕಿದ್ದು ಒಂದೇ ಒಂದು! ಆಮೇಲೆ ಕೆಲವು ಸುಧಾರಿಸಿರಬಹುದು. ಆದರೆ ಯಾವುದು ಸುಧಾರಿಸಿದೆ ಅಂತ ಗಿರಾಕಿಗೆ ಗೊತ್ತಾಗೋದು ಹೇಗೆ?

ನಮ್ಮಲ್ಲಿ ಇನ್ನೊಂದು ಫಜೀತಿ ಇದೆ. ಇನ್ಸುಲಿನ್ ಮಿಲಿಲೀಟರಿಗೆ 40 ಯೂನಿಟ್ಟಿನದೂ ಬರುತ್ತದೆ, 100ರದೂ ಬರುತ್ತದೆ. 40ಕ್ಕೆ ಕೆಂಪು ಮುಚ್ಚಳದ ಸಿರಿಂಜು, 100ಕ್ಕೆ ಕಿತ್ತಳೆ ಮುಚ್ಚಳದ್ದು. ಆಪ್ 20 ಯೂನಿಟ್ ಅಂದಿತು ಅನ್ನಿ. 100ರ ಔಷಧಿಯನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಮೈಗೆ ಹೋಗುವುದು 50 ಯೂನಿಟ್! ಬೆವರು, ನಡುಕ, ಕಡೆಗೆ ಎಚ್ಚರ ತಪ್ಪಿ ಬಸ್ಸಿನಲ್ಲೇ ಬಿದ್ದಾರು. ಆಪ್‌ನ ಲೆಕ್ಕ ಸರಿಯಿದ್ದರೂ ಕೈಲಿರುವ ಸಿರಿಂಜು ಅದಕ್ಕೆ ಕಾಣದು. ತಟ್ಟೆಯಲ್ಲಿರುವ ಮುದ್ದೆ ದೊಡ್ಡದೋ ಸಣ್ಣದೋ, ನಾವು ಹೇಳದೆ ಅದಕ್ಕೆ ತಿಳಿಯದು.

ಹಾಗಂತ ಆಪ್ ಬೇಡವೇ ಬೇಡ ಎನ್ನುವುದಿಲ್ಲ. ವೈದ್ಯರೇ ಕೂತು ಅಂಕಿಗಳನ್ನು ಹೊಂದಿಸಿಕೊಟ್ಟರೆ ಮನಸ್ಸಿನ ಅಂದಾಜಿಗಿಂತ ಅದೇ ಮೇಲು. ಪಕ್ಕದ ಮನೆಯವರು ಹೇಳಿದರು, ಪುಕ್ಕಟೆ ಸಿಕ್ಕಿತು ಅಂತ ಹಾಕಿಕೊಳ್ಳುವುದು ಮಾತ್ರ ಬೇಡ. ಕೆ.ಆರ್. ಆಸ್ಪತ್ರೆಗೋ ನಿಮ್ಮ ಡಾಕ್ಟರ ಬಳಿಗೋ ಹೋಗುವಾಗ ಫೋನು, ಶೀಶೆ, ಸಿರಿಂಜು ಮೂರನ್ನೂ ಒಯ್ದು ತೋರಿಸಿ.

ಚಿಕಿತ್ಸೆಗೆಂದು ಮಾಡಿದ ಸಾಫ್ಟ್‌ವೇರನ್ನೂ ಕೇಂದ್ರ ಸರ್ಕಾರ 2020ರ ಏಪ್ರಿಲ್ 1ರಿಂದ ವೈದ್ಯಕೀಯ ಸಾಧನಗಳ ಸಾಲಿಗೆ ಸೇರಿಸಿದೆ. ಸಂತೋಷ. ಆದರೆ ಕಾನೂನು ಕಡತದಲ್ಲಿದ್ದರೆ ಸಾಲದು. ತಕ್ಕಡಿಯ ಮುದ್ರೆ ಗಿರಾಕಿಯ ಕಣ್ಣಿಗೆ ಬೀಳುವಂತೆ, ಪರವಾನಗಿ ಪಡೆದ ಆಪ್ ಯಾವುದೆಂಬುದು ಫೋನಿನ ಪರದೆಯ ಮೇಲೇ, ಕನ್ನಡದಲ್ಲೇ ಕಾಣಬೇಕು. ಬೆಲ್ಲಕ್ಕಿರುವ ಕಾಳಜಿ ಜೀವಕ್ಕೂ ಬೇಡವೇ? ಔಷಧ ನಿಯಂತ್ರಣ ಅಧಿಕಾರಿಗಳು ಇತ್ತ ಗಮನ ಹರಿಸುವರೇ?