ಯಾರ ಚಟುವಟಿಕೆಗೆ ಸರ್ಟಿಫಿಕೇಟು?

ಕೆಇಎ ಅರ್ಜಿಯಲ್ಲಿ ಕ್ರೀಡೆ, ಎನ್‌ಸಿಸಿ, ಸ್ಕೌಟ್ಸ್‌ಗೆ ವಿಶೇಷ ವರ್ಗದ ಕಾಲಂ ಐತಿ. ಅದಕ್ಕೆ 'ಮೆರಿಟ್ ಸತ್ತಿತು' ಅಂತ ಯಾರೂ ಬೊಬ್ಬೆ ಹೊಡೆಯೂದಿಲ್ಲ. ನಮ್ಮ ಮಕ್ಕಳ ಜಾತಿ ಸರ್ಟಿಫಿಕೇಟ್ ಕಂಡಾಗ ಮಾತ್ರ ಇವರಿಗೆ ಮೆರಿಟ್ ನೆನಪಾಗ್ತದ!

ಎನ್‌ಸಿಸಿ ಘಟಕ ಇಲ್ಲದ ಸರ್ಕಾರಿ ಶಾಲೆಯಲ್ಲಿ ಓದಿದ ಖಾನಾಪುರದ ಹುಡುಗಿ ಸರ್ಟಿಫಿಕೇಟ್ ಎಲ್ಲಿಂದ ತರಬೇಕ್ರಿ? ಸೂಟಿ ದಿನ ಆಕಿ ಅವ್ವನ ಜೋಡಿ ಕೂಲಿಗೆ ಹೋಗ್ತಾಳ. ನಮ್ಮ ಮಹಾಂತೇಶ ನಗರದಾಗ ನಸುಕಿಗೆ ಪೇಪರ್ ಹಾಕೋ ಹುಡುಗನದೂ ಅದೇ ಕತಿ. ಇವಕ್ಕ ಯಾವ ಕಾಲಂ?

ತಮಿಳುನಾಡು 2020ರಲ್ಲೇ ನೀಟ್ ಪಾಸಾದ ಸರ್ಕಾರಿ ಶಾಲೆ ಮಕ್ಕಳಿಗೆ ವೈದ್ಯಕೀಯ ಸೀಟಿನಲ್ಲಿ ಶೇ. 7.5 ಒಳಮೀಸಲಾತಿ ಕೊಟ್ಟಿತು. ನಮ್ಮ ಸದನ 2024ರಲ್ಲಿ ನೀಟ್ ಬೇಡ ಅಂತ ನಿರ್ಣಯ ಮಾಡಿತು. ಸರಿ. ಆದರೆ ನಿರ್ಣಯದಿಂದ ಸೀಟು ಹುಟ್ಟೂದಿಲ್ಲ. ಒಳಮೀಸಲಾತಿ ಕೊಡ್ರಿ.

ಜೈ ಭೀಮ್.